ಕೊಡಬೇಕಾದ್ದನ್ನು ಕೊಟ್ಟು ಹೋಗೋಣ

(ಬಸವಕಲ್ಯಾಣ ಮತ್ತು ಹುಮನಾಬಾದ್‌ನ ಜುಮಾ ಉಪದೇಶದ ಸಾರಾಂಶ)





ಮನುಷ್ಯನ ಸ್ವಭಾವದಲ್ಲಿ ಒಂದು ವಿಚಿತ್ರವಿದೆ. ತನಗೆ ಬರಬೇಕಾದದ್ದು ಅವನಿಗೆ ಚೆನ್ನಾಗಿ ನೆನಪಿರುತ್ತದೆ. ತಾನು ಕೊಡಬೇಕಾದದ್ದು ಮಾತ್ರ ಬೇಗ ಮರೆತುಹೋಗುತ್ತದೆ. ಹತ್ತು ವರ್ಷದ ಹಿಂದೆ ಭಾವಮೈದುನನಿಗೆ ಕೊಟ್ಟ ಐದು ಸಾವಿರದ ದಿನ, ವಾರ, ಅವತ್ತು ಮಳೆ ಬರುತ್ತಿತ್ತೇ ಇಲ್ಲವೇ ಎಂಬುದೂ ನೆನಪಿರುತ್ತದೆ. ಅದೇ ವರ್ಷ ನೆರೆಯವನಿಂದ ತಂದ ಎರಡು ಸಾವಿರ ಎಲ್ಲಿ ಹೋಯಿತೋ ಗೊತ್ತಿರುವುದಿಲ್ಲ. ಈ ಸ್ವಭಾವವನ್ನು ಬಲ್ಲ ಅಲ್ಲಾಹನು ಕುರ್‌ಆನ್‌ನಲ್ಲಿ ಒಂದು ಅಧ್ಯಾಯವನ್ನೇ ಇದರಿಂದ ಆರಂಭಿಸಿದ್ದಾನೆ. ಅದು ಅಲ್‌ಮುತಫ್ಫಿಫೀನ್. ತಾವು ಪಡೆಯುವಾಗ ಪೂರ್ತಿ ಅಳತೆ ಕೇಳುವವರು, ಇತರರಿಗೆ ಕೊಡುವಾಗ ಕಡಿಮೆ ಮಾಡುವವರು ನಾಶದಲ್ಲಿದ್ದಾರೆ ಎಂಬುದು ಅದರ ಮೊದಲ ಎಚ್ಚರಿಕೆ. ಇದನ್ನು ಬರೀ ತಕ್ಕಡಿ ಹಿಡಿಯುವ ಕಿರಾಣಿ ಅಂಗಡಿಯವರಿಗೆ ಹೇಳಿದ ಮಾತೆಂದು ತಿಳಿಯಬಾರದು. ಕೂಲಿಯಲ್ಲಿ, ಸಾಲದಲ್ಲಿ, ಆಸ್ತಿಯಲ್ಲಿ, ಗಂಡ-ಹೆಂಡಿರ ನಡುವೆ, ಅಣ್ಣ-ತಂಗಿಯರ ನಡುವೆ, ಎಲ್ಲ ಕಡೆಯೂ ಒಂದು ತಕ್ಕಡಿ ಇದೆ.

ದಿವಾಳಿಯಾದವನು ಯಾರು?

ಒಮ್ಮೆ ಪ್ರವಾದಿ(ಸ)ಯವರು ತಮ್ಮ ಸಂಗಾತಿಗಳನ್ನು ಕೇಳಿದರು, ದಿವಾಳಿಯಾದವನು ಯಾರೆಂದು ನಿಮಗೆ ಗೊತ್ತೇ ಎಂದು. ಹಣವಾಗಲಿ ಸಾಮಾನಾಗಲಿ ಇಲ್ಲದವನು ಎಂದರು ಅವರು. ಆಗ ಪ್ರವಾದಿ(ಸ)ಯವರು ವಿವರಿಸಿದ ವ್ಯಕ್ತಿಯೇ ಬೇರೆ. ಅವನು ನಿರ್ಣಾಯಕ ದಿನದಂದು ನಮಾಝ್, ಉಪವಾಸ, ಝಕಾತ್‌ಗಳನ್ನು ಹೊತ್ತುಕೊಂಡು ಬರುತ್ತಾನೆ. ಆದರೆ ಒಬ್ಬನನ್ನು ಬೈದಿರುತ್ತಾನೆ, ಇನ್ನೊಬ್ಬನ ಮೇಲೆ ಅಪವಾದ ಹೊರಿಸಿರುತ್ತಾನೆ, ಮತ್ತೊಬ್ಬನ ಸೊತ್ತು ತಿಂದಿರುತ್ತಾನೆ, ಯಾರನ್ನೋ ಹೊಡೆದಿರುತ್ತಾನೆ. ಅವನ ಪುಣ್ಯವನ್ನು ಒಬ್ಬೊಬ್ಬರಿಗೆ ಹಂಚಲಾಗುತ್ತದೆ. ಪುಣ್ಯ ಮುಗಿದ ಮೇಲೂ ಸಾಲಗಾರರು ಉಳಿದರೆ ಅವರ ಪಾಪವನ್ನು ಇವನ ಮೇಲೆ ಹಾಕಲಾಗುತ್ತದೆ. ಸಹೀಹ್ ಮುಸ್ಲಿಮ್‌ನಲ್ಲಿ ಬಂದಿರುವ ಈ ಹದೀಸನ್ನು ನಾವು ಅನೇಕ ಬಾರಿ ಕೇಳಿದ್ದೇವೆ. ಇದರ ಅರ್ಥ ಸರಳ. ಅಲ್ಲಾಹನಿಗೂ ನಮಗೂ ನಡುವಿನ ಕೊರತೆಯನ್ನು ಅವನು ತನ್ನ ಕರುಣೆಯಿಂದ ಮನ್ನಿಸಬಹುದು. ಮನುಷ್ಯರ ಹಕ್ಕು ಹಾಗಲ್ಲ. ಅದನ್ನು ಆ ಮನುಷ್ಯನಿಗೇ ಮರಳಿಸಬೇಕು, ಇಲ್ಲವೇ ಅವನೇ ಮನಸಾರೆ ಬಿಟ್ಟುಕೊಡಬೇಕು. ಮಸೀದಿಯ ಮೊದಲ ಸಾಲಿನಲ್ಲಿ ನಿಂತರೂ ಹಜ್ಜ್ ಮಾಡಿ ಬಂದರೂ ಆ ಬಾಕಿ ತೀರುವುದಿಲ್ಲ.

ಕೂಲಿಯ ಹಕ್ಕು

ನಮ್ಮ ಎರಡೂ ಊರುಗಳು ದುಡಿಮೆಯ ಊರುಗಳು. ಪುಣೆ-ಹೈದರಾಬಾದ್ ಹೆದ್ದಾರಿ ಹುಮನಾಬಾದ್ ಮೂಲಕ ಹೋಗುತ್ತದೆ. ಹಗಲು ರಾತ್ರಿ ಲಾರಿ ಓಡುತ್ತವೆ, ಢಾಬಾಗಳ ಒಲೆ ಆರುವುದಿಲ್ಲ. ಬಸವಕಲ್ಯಾಣದ ಆಟೋನಗರದಲ್ಲಿ ವೆಲ್ಡಿಂಗ್, ಪೇಂಟಿಂಗ್, ಟಯರ್, ಇಂಜಿನ್ ಕೆಲಸದಲ್ಲಿ ನಮ್ಮ ಎಷ್ಟೋ ಹುಡುಗರು ಕೈ ಕಪ್ಪು ಮಾಡಿಕೊಂಡು ಮನೆ ನಡೆಸುತ್ತಿದ್ದಾರೆ. ಹೊಲಗಳಲ್ಲಿ ಸೋಯಾ, ತೊಗರಿ ರಾಶಿಯ ಕಾಲ ಬಂದರೆ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ನಸುಕಿನಲ್ಲೇ ಹೊರಡುತ್ತಾರೆ.

ಇಲ್ಲೆಲ್ಲ ಒಂದು ರೂಢಿ ಇದೆ. ಕೆಲಸದವನು ಬಿಟ್ಟು ಹೋಗದಿರಲಿ ಎಂದು ಒಂದು ವಾರದ ಪಗಾರ ಹಿಡಿದಿಟ್ಟುಕೊಳ್ಳುವುದು. ಕೇಳಿದರೆ, 'ಎಲ್ಲಿ ಹೋಗ್ತದ ಬಿಡೋ, ಮುಂದಿನ ವಾರ ತಗೊ' ಎನ್ನುವುದು. ಕೊಡುವವನಿಗೆ ಅದು ಏಳು ದಿನದ ಮಾತು. ಪಡೆಯುವವನ ಮನೆಯಲ್ಲಿ ಅದು ಮಗುವಿನ ಔಷಧ, ಮನೆ ಬಾಡಿಗೆ, ಕಿರಾಣಿಯವನ ಮುಂದೆ ತಲೆ ತಗ್ಗಿಸುವುದು. ಕೂಲಿಕಾರನ ಬೆವರು ಆರುವ ಮೊದಲೇ ಅವನ ಕೂಲಿ ಅವನ ಕೈ ಸೇರಬೇಕೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಕೆಲಸ ಪೂರ್ತಿ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಪರಲೋಕದಲ್ಲಿ ಸ್ವತಃ ಅಲ್ಲಾಹನೇ ಎದುರುವಾದಿಯಾಗಿ ನಿಲ್ಲುತ್ತಾನೆಂದು ಬುಖಾರಿಯ ಹದೀಸ್ ಎಚ್ಚರಿಸುತ್ತದೆ. ಆ ನ್ಯಾಯಾಲಯದಲ್ಲಿ ಗೆಲ್ಲುವ ವಕೀಲ ಯಾರಿದ್ದಾರೆ?

ಗುಹೆಯಲ್ಲಿ ಸಿಕ್ಕಿಕೊಂಡ ಮೂವರ ಕಥೆ ನಮಗೆಲ್ಲ ಗೊತ್ತು. ಬಂಡೆ ಬಿದ್ದು ದಾರಿ ಮುಚ್ಚಿದಾಗ ಒಬ್ಬೊಬ್ಬರೂ ತಮ್ಮ ಒಂದೊಂದು ಒಳ್ಳೆಯ ಕೆಲಸವನ್ನು ಮುಂದಿಟ್ಟು ಪ್ರಾರ್ಥಿಸಿದರು. ಮೂರನೆಯವನ ಕೆಲಸ ಇದು. ಅವನ ಕೂಲಿಯಾಳೊಬ್ಬ ತನ್ನ ಪಾಲಿನ ಧಾನ್ಯ ತೆಗೆದುಕೊಳ್ಳದೆ ಹೋಗಿಬಿಟ್ಟಿದ್ದ. ಮಾಲಕ ಅದನ್ನು ಬೆಳೆಸಿದ. ಧಾನ್ಯ ಹೆಚ್ಚಿತು, ದನಗಳಾದವು. ಎಷ್ಟೋ ಕಾಲದ ಮೇಲೆ ಆಳು ಬಂದು ತನ್ನ ಕೂಲಿ ಕೇಳಿದಾಗ ಮಾಲಕ ಆ ಹಿಂಡನ್ನೇ ತೋರಿಸಿ ಇದು ನಿನ್ನದೇ ಎಂದ. ಆಳು ತಮಾಷೆ ಎಂದುಕೊಂಡ. ಅದು ತಮಾಷೆಯಾಗಿರಲಿಲ್ಲ. ಬಂಡೆ ಸರಿಯಿತು. ಗಮನಿಸಿ, ಆಳು ಹೋದ ಮೇಲೆ ಅವನ ಹಕ್ಕನ್ನು ನೋಡಿಕೊಳ್ಳಲು ಅಲ್ಲಿ ಸಾಕ್ಷಿ ಇರಲಿಲ್ಲ, ಕಾಗದ ಇರಲಿಲ್ಲ. ಅಲ್ಲಾಹನು ನೋಡುತ್ತಿದ್ದಾನೆ ಎಂಬುದಷ್ಟೇ ಇತ್ತು.

ಕೂಲಿ ಪಡೆಯುವವನ ಮೇಲೂ ಹಕ್ಕಿದೆ. ಎಂಟು ಗಂಟೆಯ ಪಗಾರ ತೆಗೆದುಕೊಂಡು ಮೂರು ಗಂಟೆ ಮೊಬೈಲ್ ನೋಡುವುದು, ಹಳೆಯ ಬಿಡಿಭಾಗ ಹಾಕಿ ಹೊಸದರ ಬಿಲ್ ಬರೆಯುವುದು, ಇವೂ ಅಳತೆಯಲ್ಲಿ ಮಾಡುವ ಕಡಿತವೇ. ಈ ವಿಷಯದಲ್ಲಿ ನಮ್ಮ ನೆಲದ ಒಂದು ನೆನಪು ದೊಡ್ಡದು. 12ನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಬಸವಣ್ಣನವರೂ ಅವರ ಜೊತೆಯ ಶರಣರೂ ದುಡಿಮೆಯನ್ನು ಕಾಯಕವೆಂದು ಕರೆದು ಎತ್ತರಕ್ಕೆ ಏರಿಸಿದರು. ಅವರಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಚೆಲ್ಲಿದ ಅಕ್ಕಿ ಆಯ್ದು ಬದುಕುತ್ತಿದ್ದರು. ಒಂದು ದಿನ ಗಂಡ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದಷ್ಟಕ್ಕಿಂತ ಹೆಚ್ಚಿನದು ನಮ್ಮದಲ್ಲ, ಮರಳಿ ಸುರಿದು ಬನ್ನಿ ಎಂದು ಹೆಂಡತಿ ಕಳಿಸಿದಳೆಂದು ಜನ ಇಂದಿಗೂ ಹೇಳುತ್ತಾರೆ. ಹಲಾಲ್ ತುತ್ತಿನ ಬಗ್ಗೆ ಮನೆಯಲ್ಲಿ ಇಂಥ ಒಂದು ದನಿ ಇದ್ದರೆ ಗಂಡನ ಕೈ ತಪ್ಪು ಕಡೆ ಚಾಚುವುದಿಲ್ಲ. ನಮ್ಮ ನೆರೆಯವರ ಈ ನೆನಪಿನಿಂದ ಕಲಿಯಲು ನಮಗೆ ಸಂಕೋಚ ಬೇಡ.

ಬರೆದಿಟ್ಟರೆ ಸಂಬಂಧ ಉಳಿಯುತ್ತದೆ

ಕುರ್‌ಆನ್‌ನ ಅತ್ಯಂತ ಉದ್ದದ ಸೂಕ್ತ ಯಾವುದರ ಬಗ್ಗೆ ಇದೆ? ನಮಾಝ್ ಬಗ್ಗೆ ಅಲ್ಲ, ಹಜ್ಜ್ ಬಗ್ಗೆಯೂ ಅಲ್ಲ. ಅಲ್‌ಬಕರಾ ಅಧ್ಯಾಯದ 282ನೆಯ ಸೂಕ್ತವಾದ ಅದು ಸಾಲವನ್ನು ಬರೆದಿಡುವ ಬಗ್ಗೆ ಇದೆ. ಅವಧಿ ಗೊತ್ತುಮಾಡಿ, ಬರೆಯುವವನು ನ್ಯಾಯವಾಗಿ ಬರೆಯಲಿ, ಸಾಲ ಪಡೆದವನೇ ಹೇಳಿ ಬರೆಸಲಿ, ಸಾಕ್ಷಿಗಳಿರಲಿ, ಮೊತ್ತ ಸಣ್ಣದೆಂದು ಬೇಸರಪಡಬೇಡಿ ಎಂದೆಲ್ಲ ಅಲ್ಲಾಹನು ವಿವರವಾಗಿ ತಿಳಿಸಿದ್ದಾನೆ.

ಆದರೆ ನಮ್ಮಲ್ಲಿ ಬರೆಯೋಣ ಎಂದರೆ ಎದುರಿನವರಿಗೆ ಅವಮಾನವಾಗುತ್ತದೆ. 'ಏನ್ ಭಾಯಿ, ನನ್ ಮ್ಯಾಲ ಭರೋಸಾ ಇಲ್ಲೇನು?' ಎಂಬ ಮಾತು ಬರುತ್ತದೆ. ಹೀಗೆ ಭರೋಸೆಯ ಹೆಸರಿನಲ್ಲಿ ಬಾಯಿಮಾತಿನ ಸಾಲ ನಡೆಯುತ್ತದೆ. ಮಗನ ಗಲ್ಫ್ ವೀಸಾಕ್ಕೆ, ಸೆಕೆಂಡ್‌ಹ್ಯಾಂಡ್ ಲಾರಿಗೆ, ಮಗಳ ಮದುವೆಗೆ, ಕೈಯಿಂದ ಕೈಗೆ ಹಣ ಹೋಗುತ್ತದೆ. ಎರಡು ವರ್ಷದ ಮೇಲೆ ಒಬ್ಬನು ಒಂದು ಲಕ್ಷ ಎನ್ನುತ್ತಾನೆ, ಇನ್ನೊಬ್ಬನು ಎಂಬತ್ತು ಸಾವಿರ ಎನ್ನುತ್ತಾನೆ. ಇಬ್ಬರೂ ಸುಳ್ಳರಲ್ಲದಿರಬಹುದು. ಮರೆವು ಮನುಷ್ಯನಿಗೆ ಸಹಜ. ಆದರೆ ಇಪ್ಪತ್ತು ಸಾವಿರದ ಮರೆವಿನಿಂದ ಇಪ್ಪತ್ತು ವರ್ಷದ ಸ್ನೇಹ ಹೋಗುತ್ತದೆ. ಈದ್ ದಿನ ಒಂದೇ ಈದ್ಗಾದಲ್ಲಿ ನಮಾಝ್ ಮಾಡಿ ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಬರೆದಿಡುವುದು ಅಪನಂಬಿಕೆಯ ಗುರುತಲ್ಲ. ಮರೆವಿನಿಂದ ಸಂಬಂಧವನ್ನು ಕಾಪಾಡುವ ದಾರಿ ಅದು.

ಸಾಲ ತೀರಿಸದೆ ಸತ್ತವನ ಜನಾಝಾ ನಮಾಝ್‌ಗೆ ಪ್ರವಾದಿ(ಸ)ಯವರು ಒಮ್ಮೆ ಮುಂದೆ ಬರಲಿಲ್ಲ. ಬಾಕಿ ಇದ್ದದ್ದು ಕೆಲವೇ ದೀನಾರ್. ಅಬೂ ಕತಾದಾ(ರ)ರು ಆ ಸಾಲ ತಮ್ಮ ಮೇಲಿರಲಿ ಎಂದ ಬಳಿಕವೇ ನಮಾಝ್ ನಡೆಸಿದರು. ಸಾಲ ಎಷ್ಟು ಭಾರವೆಂದು ಅಲ್ಲಿ ನಿಂತವರಿಗೆಲ್ಲ ಅವತ್ತು ತಿಳಿಯಿತು. ಇನ್ನೊಂದು ಕಡೆ, ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಸಮಯ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಒಳಿತು ಎಂದು ಅದೇ ಅಲ್‌ಬಕರಾ ಅಧ್ಯಾಯ ಸಾಲ ಕೊಟ್ಟವನಿಗೂ ಹೇಳುತ್ತದೆ. ಮಳೆ ಕೈಕೊಟ್ಟ ವರ್ಷ ರೈತನ ಮನೆ ಮುಂದೆ ಕುಳಿತು ಗದ್ದಲ ಮಾಡುವವರು ಈ ಮಾತನ್ನು ನೆನಪಿಡಬೇಕು.

ಮೆಹರ್ ಮತ್ತು ಮಯ್ಯತ್‌ನ ಪಕ್ಕದ 'ಮಾಫಿ'

ಈಗ ಮನೆಯೊಳಗಿನ ತಕ್ಕಡಿಗೆ ಬರೋಣ. ನಿಕಾಹ್ ದಿನ ಎಲ್ಲರ ಎದುರು ಮೆಹರ್ ಗೊತ್ತುಮಾಡುತ್ತೇವೆ. ಅನೇಕ ಮನೆಗಳಲ್ಲಿ ಅದು ದಫ್ತರಿನಲ್ಲೇ ಉಳಿಯುತ್ತದೆ. ಗಂಡ ತೀರಿಕೊಂಡಾಗ, ಮಯ್ಯತ್ ಎತ್ತುವ ಮೊದಲು, ಹಿರಿಯ ಹೆಂಗಸರು ಆ ವಿಧವೆಯನ್ನು ಹಿಡಿದು ತಂದು 'ಮೆಹರ್ ಮಾಫ್ ಮಾಡು' ಎನ್ನುತ್ತಾರೆ. ಅವಳ ಕಣ್ಣಿಗೆ ಏನೂ ಕಾಣುತ್ತಿರುವುದಿಲ್ಲ. ಸುತ್ತ ನಿಂತ ನೂರು ಜನರ ಎದುರು ಅವಳು ಇಲ್ಲ ಎನ್ನಬಲ್ಲಳೇ? ಇಂಥ ಹೊತ್ತಿನಲ್ಲಿ ಬಾಯಿಂದ ಬಂದ ಮಾತನ್ನು ಮನಸಾರೆ ಬಿಟ್ಟುಕೊಟ್ಟದ್ದೆಂದು ಹೇಗೆ ಕರೆಯುವುದು?

ಕೊಡದೆ ಉಳಿದ ಮೆಹರ್ ಗಂಡನ ಮೇಲಿನ ಸಾಲ. ಅವನು ಸತ್ತರೆ ಕಫನ್-ದಫನ್ ಖರ್ಚಿನ ನಂತರ, ಆಸ್ತಿ ಹಂಚುವ ಮುಂಚೆ, ಇತರ ಸಾಲಗಳ ಜೊತೆ ಅದೂ ತೀರಬೇಕು. ಹಾಗಾಗಿ ಜೀವ ಇರುವಾಗಲೇ, ಕೈಯಲ್ಲಿ ಹಣ ಇರುವಾಗಲೇ, ಹೆಂಡತಿಯ ಕೈಗೆ ಇಟ್ಟುಬಿಡುವುದು ಒಳ್ಳೆಯದು. ಒಮ್ಮೆಗೇ ಆಗದಿದ್ದರೆ ತಿಂಗಳಿಗೆ ಇಷ್ಟೆಂದು ಕೊಡಬಹುದು.

ತಂಗಿಯ ಪಾಲು

ಇಂದು ನಾವು ಮುಖ್ಯವಾಗಿ ಹೇಳಬೇಕೆಂದುಕೊಂಡದ್ದು ಇದು.

ಬಸವಕಲ್ಯಾಣಕ್ಕೆ ಆಸ್ತಿ ಹಂಚಿಕೆಯ ಚರ್ಚೆ ಹೊಸದಲ್ಲ. ಚಾಲುಕ್ಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತ ಇದೇ ಕಲ್ಯಾಣದಲ್ಲಿ 'ಮಿತಾಕ್ಷರಾ' ಎಂಬ ಗ್ರಂಥ ಬರೆದ. ಹಿಂದೂ ಉತ್ತರಾಧಿಕಾರದ ವಿಷಯದಲ್ಲಿ ನ್ಯಾಯಾಲಯಗಳು ಇಂದಿಗೂ ಅದರ ಹೆಸರು ಹೇಳುತ್ತವೆ. ಆ ಪದ್ಧತಿಯ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಿಗಿತ್ತು. 2005ರಲ್ಲಿ ದೇಶದ ಸಂಸತ್ತು ಕಾಯ್ದೆ ತಿದ್ದಿ ಮಗಳಿಗೂ ಸಮಾನ ಹಕ್ಕು ಕೊಟ್ಟಿತು. ನಮ್ಮಲ್ಲಿ ಮಗಳ ಹಕ್ಕು 1400 ವರ್ಷಕ್ಕೂ ಹಿಂದೆ ಬಂದದ್ದು. ಸ್ಥಳೀಯ ರೂಢಿಗಳ ಬದಲು ಶರೀಅತ್ ಅನ್ವಯವಾಗಲಿ ಎಂದು 1937ರಲ್ಲಿ ಕಾಯ್ದೆಯೂ ಆಯಿತು. ಆದರೆ ಹೆಮ್ಮೆಪಡುವ ಮೊದಲು ನಮ್ಮ ಪಹಣಿಗಳನ್ನು ತೆಗೆದು ನೋಡಬೇಕು. ಅದರಲ್ಲಿ ಎಷ್ಟು ಹೆಣ್ಣುಮಕ್ಕಳ ಹೆಸರಿದೆ?

ಈ ಹಕ್ಕು ಹೇಗೆ ಬಂತೆಂದು ತಿಳಿಯೋಣ. ಉಹುದ್ ಯುದ್ಧದಲ್ಲಿ ಸಅದ್ ಬಿನ್ ರಬೀಅ್(ರ)ರು ಹುತಾತ್ಮರಾದರು. ಅವರ ವಿಧವೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿ(ಸ)ಯವರ ಬಳಿಗೆ ಬಂದರು. ಮಕ್ಕಳ ಚಿಕ್ಕಪ್ಪ ಎಲ್ಲ ಆಸ್ತಿ ತೆಗೆದುಕೊಂಡುಬಿಟ್ಟಿದ್ದಾನೆ, ಕೈಯಲ್ಲಿ ಏನೂ ಇಲ್ಲದೆ ಈ ಹುಡುಗಿಯರ ಮದುವೆ ಹೇಗಾದೀತು ಎಂದು ದುಃಖ ತೋಡಿಕೊಂಡರು. ಅಲ್ಲಾಹನು ಇದರ ತೀರ್ಪು ಕೊಡುತ್ತಾನೆ ಎಂದರು ಪ್ರವಾದಿ(ಸ)ಯವರು. ಉತ್ತರಾಧಿಕಾರದ ಸೂಕ್ತ ಅವತೀರ್ಣವಾಯಿತು. ಚಿಕ್ಕಪ್ಪನನ್ನು ಕರೆಸಿ, ಮೂರರಲ್ಲಿ ಎರಡು ಪಾಲು ಇಬ್ಬರು ಹೆಣ್ಣುಮಕ್ಕಳಿಗೆ, ಎಂಟನೆಯ ಒಂದು ಪಾಲು ಅವರ ತಾಯಿಗೆ, ಉಳಿದದ್ದು ನಿನಗೆ ಎಂದು ಆದೇಶಿಸಿದರು. ಎಲ್ಲವನ್ನೂ ತೆಗೆದುಕೊಂಡಿದ್ದವನು ಈಗ ಕೊನೆಗೆ ಉಳಿದದ್ದನ್ನು ಪಡೆದ. ಅನ್ನಿಸಾ ಅಧ್ಯಾಯದ 7ನೆಯ ಸೂಕ್ತದಲ್ಲಿ, ಬಿಟ್ಟುಹೋದದ್ದು ಸ್ವಲ್ಪವಿರಲಿ ಹೆಚ್ಚಿರಲಿ ಗಂಡಸರಿಗೂ ಪಾಲಿದೆ, ಹೆಂಗಸರಿಗೂ ಪಾಲಿದೆ ಎಂದು ಸ್ಪಷ್ಟಪಡಿಸಲಾಗಿದೆ. 11 ಮತ್ತು 12ನೆಯ ಸೂಕ್ತಗಳಲ್ಲಿ ಲೆಕ್ಕವೇ ಇದೆ.

ಒಂದು ಉದಾಹರಣೆ ನೋಡೋಣ. ಒಬ್ಬ ರೈತ 8 ಎಕರೆ ಬಿಟ್ಟು ತೀರಿಕೊಂಡ. ಸಾಲವಿಲ್ಲ, ವಸಿಯ್ಯತ್ ಇಲ್ಲ, ತಂದೆ ತಾಯಿ ಮೊದಲೇ ಹೋಗಿದ್ದಾರೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಹೆಂಡತಿಗೆ ಎಂಟನೆಯ ಒಂದು ಪಾಲು, ಅಂದರೆ 1 ಎಕರೆ. ಉಳಿದ 7 ಎಕರೆಯನ್ನು ಐದು ಭಾಗ ಮಾಡಿ ಗಂಡುಮಕ್ಕಳಿಗೆ ಎರಡೆರಡು, ಮಗಳಿಗೆ ಒಂದು. ಪ್ರತಿ ಮಗನಿಗೆ 2 ಎಕರೆ 32 ಗುಂಟೆ, ಮಗಳಿಗೆ 1 ಎಕರೆ 16 ಗುಂಟೆ. ಎಂಟನೆಯ ತರಗತಿಯ ಹುಡುಗ ಮಾಡುವ ಲೆಕ್ಕ ಇದು. ಕಷ್ಟ ಲೆಕ್ಕದ್ದಲ್ಲ, ಮನಸ್ಸಿನದು.

ಏಕೆಂದರೆ ಆ 1 ಎಕರೆ 16 ಗುಂಟೆ ಕೊಡದಿರಲು ನೆಪಗಳು ಬಹಳ. ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳ ಹೆಸರನ್ನೇ ಕೈಬಿಡುವುದು ಒಂದು. ಇದು ಬರೀ ನೆಪವಲ್ಲ, ಸುಳ್ಳು ಸಾಕ್ಷಿ. 'ಅಕ್ಕನ ಮದುವಿಗಿ ಎಷ್ಟು ಖರ್ಚು ಮಾಡೀವಿ, ಅದೇ ಅಕಿ ಪಾಲು' ಎನ್ನುವುದು ಇನ್ನೊಂದು. ತಂದೆ ಬದುಕಿದ್ದಾಗ ಮಾಡಿದ ಖರ್ಚು ತಂದೆಯದು. ಸತ್ತ ಮೇಲೆ ಉಳಿದದ್ದರಲ್ಲಿ ಪಾಲು ಅಲ್ಲಾಹನು ಗೊತ್ತುಮಾಡಿದ್ದು. ಗಂಡುಮಕ್ಕಳ ಮದುವೆಗೂ ಖರ್ಚಾಗಿತ್ತಲ್ಲ, ಅದನ್ನು ಯಾರಾದರೂ ಅವರ ಪಾಲಿನಲ್ಲಿ ಕಳೆದಿದ್ದಾರೆಯೇ?

ಮೂರನೆಯ ನೆಪವೇ ಹೆಚ್ಚು ಪ್ರಚಲಿತ. 'ಅಕಿ ತಾನೇ ಬ್ಯಾಡ ಅಂದಾಳ, ಸಹಿ ಮಾಡಿ ಕೊಟ್ಟಾಳ.' ಆ ಸಹಿ ಹೇಗೆ ಬರುತ್ತದೆಂದು ಎಲ್ಲರಿಗೂ ಗೊತ್ತು. ತಂಗಿಯನ್ನು ಊಟಕ್ಕೆ ಕರೆಯುತ್ತಾರೆ, ಹೊಸ ಸೀರೆ ಕೊಡುತ್ತಾರೆ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುತ್ತಾರೆ. ಅವಳ ಮನಸ್ಸಿನಲ್ಲಿ ಏನಿರುತ್ತದೆ? ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ, ನಾಳೆ ಗಂಡನ ಮನೆಯಲ್ಲಿ ಕಷ್ಟ ಬಂದರೆ ಅಣ್ಣ ಬರುವುದಿಲ್ಲ, ಈದ್‌ಗೆ ಕರೆಯಲು ಯಾರೂ ಇರುವುದಿಲ್ಲ ಎಂಬ ಭಯ. ಅವಳು ಜಮೀನು ಬಿಟ್ಟುಕೊಟ್ಟು ಅಣ್ಣನನ್ನು ಉಳಿಸಿಕೊಳ್ಳುತ್ತಾಳೆ. ಅಣ್ಣನಾದವನು ಯೋಚಿಸಬೇಕು. ತಂಗಿಗೆ ತನ್ನ ಪ್ರೀತಿ ಒಂದು ಎಕರೆ ಹದಿನಾರು ಗುಂಟೆಯ ಬೆಲೆಗೆ ಸಿಗುವಂತಾಯಿತಲ್ಲ!

ನಿಜವಾಗಿ ಅವಳು ಬಿಟ್ಟುಕೊಡುತ್ತಾಳೋ ಎಂದು ತಿಳಿಯಲು ಒಂದೇ ದಾರಿ. ಮೊದಲು ಅವಳ ಪಾಲು ಅವಳ ಹೆಸರಿಗೆ ಆಗಲಿ. ಪಹಣಿಯಲ್ಲಿ ಹೆಸರು ಬರಲಿ. ಒಂದೆರಡು ರಾಶಿಯ ದುಡ್ಡು ಅವಳ ಕೈ ಸೇರಲಿ. ಆಮೇಲೂ ಯಾರ ಒತ್ತಾಯವಿಲ್ಲದೆ, ಅಣ್ಣಾ ಇದು ನಿನಗೇ ಇರಲಿ ಎಂದು ಅವಳಾಗಿ ಬಂದು ಕೊಟ್ಟರೆ ಅದು ಕಾಣಿಕೆ, ಸಂತೋಷದಿಂದ ತೆಗೆದುಕೊಳ್ಳಿ. ಜಮೀನು ತುಂಡಾಗುವುದು ಬೇಡ ಎಂದಾದರೆ ಈಗಿನ ದರ ಕಟ್ಟಿ ಹಣ ಕೊಡಬಹುದು, ಅಥವಾ ವರ್ಷವರ್ಷ ಬೆಳೆಯಲ್ಲಿ ಅವಳ ಪಾಲು ಕಳಿಸಬಹುದು. ಅದೂ ಅವಳು ಒಪ್ಪಿದರೆ, ಬರಹದಲ್ಲಿ.

ಇಲ್ಲಿ ತಾಯಂದಿರಿಗೂ ಒಂದು ಮಾತು. ಎಷ್ಟೋ ಮನೆಗಳಲ್ಲಿ ಮಗಳ ಬಾಯಿ ಮುಚ್ಚಿಸುವವರು ತಾಯಿಯೇ. 'ಅಣ್ಣನ ಮನಸ್ಸು ನೋಯಿಸಬ್ಯಾಡವ್ವ' ಎಂದು ಅವರು ಹೇಳುವುದು ಮಗಳ ಮೇಲಿನ ಸಿಟ್ಟಿನಿಂದಲ್ಲ, ಮನೆ ಒಡೆಯದಿರಲಿ ಎಂಬ ಆಸೆಯಿಂದ. ಆದರೆ ತಾಯಿ ತಾನು ಬದುಕಿರುವಾಗಲೇ ಗಂಡುಮಕ್ಕಳನ್ನು ಕೂರಿಸಿ, ನಿಮ್ಮ ತಂಗಿಯ ಪಾಲು ಕೊಟ್ಟ ಮೇಲೆಯೇ ನನಗೆ ನೆಮ್ಮದಿ ಎಂದು ಹೇಳಿದರೆ ಮನೆ ಒಡೆಯುವುದಿಲ್ಲ. ಆ ಮಾತನ್ನು ತಾಯಿ ಹೇಳಿದಷ್ಟು ಸುಲಭವಾಗಿ ಬೇರೆ ಯಾರೂ ಹೇಳಲಾರರು.

ನಾಲಿಗೆಯ ಸಾಲ

ಹಣವಿಲ್ಲದವನಿಗೂ ಒಂದು ಸಾಲವಿದೆ, ಅದು ನಾಲಿಗೆಯದು. ದಿವಾಳಿಯ ಹದೀಸಿನಲ್ಲಿ ಬೈಗುಳ ಮತ್ತು ಅಪವಾದ, ಸೊತ್ತು ತಿನ್ನುವುದಕ್ಕಿಂತ ಮೊದಲೇ ಬಂದಿವೆ. ಚಹಾದ ಅಂಗಡಿಯಲ್ಲಿ ಒಬ್ಬರ ಮಗಳ ಬಗ್ಗೆ ಆಡಿದ ಮಾತು, ವಾಟ್ಸಾಪ್ ಗುಂಪಿನಲ್ಲಿ ಪರಿಶೀಲಿಸದೆ ಮುಂದೆ ಕಳಿಸಿದ ಸುದ್ದಿ, ಅವರ ಮರ್ಯಾದೆಯಿಂದ ನಾವು ಕಿತ್ತುಕೊಂಡ ತುಂಡುಗಳು. ಅಂಥದ್ದು ನಡೆದಿದ್ದರೆ ಕ್ಷಮೆ ಕೇಳಬೇಕು. ಎಲ್ಲಿ ಅವರ ಹೆಸರು ಕೆಡಿಸಲಾಯಿತೋ ಅಲ್ಲೇ ಅವರ ಬಗ್ಗೆ ಒಳ್ಳೆಯದನ್ನೂ ಹೇಳಬೇಕು.

ಈ ವಾರ ಮಾಡಬೇಕಾದದ್ದು

ಸಹೋದರರೇ, ಕೇಳಿ ಎದ್ದು ಹೋದರೆ ಉಪದೇಶದಿಂದ ಪ್ರಯೋಜನವಿಲ್ಲ. ಇಂದು ಅಸರ್ ನಂತರ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬರಬೇಕಾದದ್ದನ್ನು ಬಿಡಿ, ಅದು ಹೇಗೂ ನೆನಪಿರುತ್ತದೆ. ಕೊಡಬೇಕಾದದ್ದನ್ನು ಮಾತ್ರ ಬರೆಯಿರಿ. ಯಾರಿಗೆ, ಎಷ್ಟು, ಯಾವಾಗಿನದು. ಮನೆಯವರಿಗೆ ಆ ನೋಟ್‌ಬುಕ್ ಎಲ್ಲಿದೆ ಎಂದು ತಿಳಿಸಿಡಿ. ಕೊಡಬೇಕಾದವರು ತೀರಿಕೊಂಡಿದ್ದರೆ ಅವರ ವಾರಸುದಾರರಿಗೆ ಕೊಡಿ. ಎಷ್ಟು ಹುಡುಕಿದರೂ ಯಾರೂ ಸಿಗದಿದ್ದರೆ ಅವರ ಹೆಸರಿನಲ್ಲಿ ಸದಕಾ ಮಾಡಿ. ಕೆಲಸದವರ ಪಗಾರ ಹಿಡಿದಿಟ್ಟಿದ್ದರೆ ಇಂದು ಸಂಜೆಯೇ ಕೊಟ್ಟುಬಿಡಿ. ತಂದೆಯ ಆಸ್ತಿ ಹಂಚದೆ ಉಳಿದಿದ್ದರೆ, ಅಥವಾ ತಂಗಿಯರನ್ನು ಬಿಟ್ಟು ಹಂಚಿದ್ದರೆ, ಒಬ್ಬ ಆಲಿಮರನ್ನೂ ಒಬ್ಬ ತಿಳಿದ ವಕೀಲರನ್ನೂ ಕೂರಿಸಿ ಲೆಕ್ಕ ಮಾಡಿಸಿ. ತಂಗಿಗೆ ಫೋನ್ ಮಾಡುವವರು ಸಹಿ ಬೇಕಿತ್ತು ಎಂದು ಮಾಡಬೇಡಿ. ನಿನ್ನ ಪಾಲು ನಮ್ಮ ಹತ್ತಿರ ಉಳಿದಿದೆ, ಬಂದು ತೆಗೆದುಕೊ ಎಂದು ಹೇಳಿ.

ಮಸಣಕ್ಕೆ ಹೋಗುವಾಗ ಗುಂಟೆ ಎಕರೆ ಯಾವುದೂ ಜೊತೆ ಬರುವುದಿಲ್ಲ. ಬರುವುದು ಕರ್ಮಗಳು ಮಾತ್ರ. ಅವನ್ನೂ ಸಾಲಗಾರರು ಹಂಚಿಕೊಂಡು ಹೋಗದಂತೆ ನೋಡಿಕೊಳ್ಳೋಣ.

ಯಾ ಅಲ್ಲಾಹ್, ನಮ್ಮ ದುಡಿಮೆಯಲ್ಲಿ ಬರಕತ್ ನೀಡು. ನಮ್ಮ ಕೈಯಲ್ಲಿರುವ ಇತರರ ಹಕ್ಕನ್ನು ಅವರಿಗೆ ಮರಳಿಸುವ ಧೈರ್ಯ ಕೊಡು. ನಮ್ಮ ತಾಯಂದಿರ, ಹೆಂಡಿರ, ಅಕ್ಕ-ತಂಗಿಯರ, ಹೆಣ್ಣುಮಕ್ಕಳ ಮನಸ್ಸನ್ನು ನಮ್ಮಿಂದ ಸಂತೃಪ್ತಗೊಳಿಸು. ಈ ಊರುಗಳಲ್ಲಿ ಎಲ್ಲ ಧರ್ಮದವರ ನಡುವೆ ನೆಮ್ಮದಿ ಉಳಿಸು. ಯಾರ ಬಾಕಿಯನ್ನೂ ಹೊತ್ತುಕೊಳ್ಳದೆ ನಿನ್ನ ಮುಂದೆ ಬರುವ ಭಾಗ್ಯ ಕರುಣಿಸು. ಆಮೀನ್.